ಕಾಯುವುದಕ್ಕೂ ಕೂಲಿ ಕೇಳಿದವರಿಗೆ

ಯಾದಗಿರಿ ವಿಮಾನದಂಗಳ
ಕ್ರಿ.ಶ. 2193, ಗಾಳಿ ತಿಂಗಳ ಮೂವತ್ತೇಳನೆಯ ದಿನ

ಚಿಕ್ಕ ವಿಮಾನಗಳನ್ನು ಹಾರಿಸುತ್ತಿರುವ ಇಪ್ಪತ್ತೊಂದನೆಯ ಶತಮಾನದ ಪೈಲಟರಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಗಾಳಿ ತಿಂಗಳಿಗೆ ನಲವತ್ತು ದಿನ. ಹಾರಾಟ ನಿಂತು ನಿಂತು ನಡೆಯುವ ಕಾಲವನ್ನೆಲ್ಲ ಒಂದೇ ಲೆಕ್ಕದಲ್ಲಿ ಹಿಡಿಯಲೆಂದು ನಮ್ಮ ಹಿರಿಯರು ಆಷಾಢದ ಹಿಂದೆ ಮುಂದೆ ಕತ್ತರಿಸಿ ಹೊಲಿದ ತಿಂಗಳು ಅದು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ಓದಿ ಸಂಪಾದಿಸಿದ್ದು ಕಡಿಮೆ, ಮಾತಾಡಿ ಸಂಪಾದಿಸಿದ್ದೇ ಹೆಚ್ಚು. ಇದೇ ಅಂಗಳದಲ್ಲಿ ಪ್ರಯಾಣಿಕರ ಗಂಟುಮೂಟೆ ಹೊತ್ತೆ, ಆಮೇಲೆ ಟಿಕೆಟ್ ಕೂಗಿ ಮಾರಿದೆ, ಈಗ ಗುಬ್ಬಿಗಳ ಮಾಲೀಕನಾಗಿದ್ದೇನೆ. ಗುಬ್ಬಿ ಎಂದರೆ ಹದಿನೆಂಟು ಜನ ಕೂರುವ ವಿಮಾನ. ನಿಮ್ಮ ಕಾಲದ ಕೆಂಪು ಬಸ್ಸಿನ ಕೆಲಸವನ್ನೆಲ್ಲ ಈಗ ಅದು ಮಾಡುತ್ತದೆ. ಶಾಲೆಯ ಮೇಷ್ಟ್ರು, ಬಾಣಂತಿ, ಕೋರ್ಟಿಗೆ ಹೊರಟ ಅಣ್ಣತಮ್ಮಂದಿರು, ಅವರ ನಡುವೆ ಒಂದು ಬುಟ್ಟಿ ಬದನೆಕಾಯಿ, ಎಲ್ಲವೂ ಅದರಲ್ಲೇ.

ನಿಮಗೆ ಬರೆಯುತ್ತಿರುವುದು ಕೃತಜ್ಞತೆ ಹೇಳಲಿಕ್ಕೆ. ಮಾಲೀಕನೊಬ್ಬ ಪೈಲಟರಿಗೆ ಕೃತಜ್ಞತೆ ಹೇಳಿದರೆ ಇದರ ಹಿಂದೆ ಏನೋ ಇದೆ ಎಂದು ನೀವು ಅನುಮಾನಪಡುತ್ತೀರಿ. ಪಡಬೇಕಾದ್ದೇ. ಪೂರ್ತಿ ಓದಿದ ಮೇಲೆ ನೀವೇ ತೂಗಿ ನೋಡಿ.

ನಮ್ಮಲ್ಲಿ ಎಚ್ಚರಗಾಲ ಎಂಬುದೊಂದಿದೆ. ಪೈಲಟರು ಕೆಲಸಕ್ಕೆಂದು ಮನೆಯ ಹೊಸ್ತಿಲು ದಾಟಿದ ಗಳಿಗೆಯಿಂದ ಹತ್ತು ಗಂಟೆಯ ಅವಧಿ ಅದು, ಮುಗಿದ ಮೇಲೆ ಅವರು ಹಾರಿಸುವಂತಿಲ್ಲ ಎಂಬುದು ಕಾನೂನು. ಮೋಡ ಸರಿಯಲೆಂದು ಕಾಯುವುದು, ಟೈರು ತಟ್ಟಿ ನೋಡುವುದು, ವಾಂತಿ ಮಾಡಿಕೊಂಡ ಮಗುವಿನ ತಾಯಿಗೆ ಧೈರ್ಯ ಹೇಳುವುದು, ಎಲ್ಲವೂ ಅದರೊಳಗೆ ಬರುತ್ತದೆ, ಎಲ್ಲಕ್ಕೂ ಒಂದೇ ದರದ ಕೂಲಿ. ನಿಮ್ಮ ಕಾಲದಲ್ಲಿ ಎಷ್ಟೋ ಕಡೆ ವಿಮಾನ ಕದಲಿದ ಹೊತ್ತಿಗಷ್ಟೇ ಸಂಬಳವಂತೆ, ಅಂಗಳದ ಬೆಂಚಿನ ಮೇಲೆ ಕಳೆದ ಹೊತ್ತು ಮಾಲೀಕನಿಗೆ ಉಡುಗೊರೆಯಂತೆ. ಇದನ್ನು ಮೊದಲ ಸಲ ಓದಿದಾಗ ನನ್ನೊಳಗಿನ ವ್ಯಾಪಾರಿ ಸ್ವಲ್ಪ ಹೊತ್ತು ಹೊಟ್ಟೆಕಿಚ್ಚುಪಟ್ಟ ಎಂಬುದನ್ನು ಮುಚ್ಚಿಡುವುದಿಲ್ಲ.

ಎಚ್ಚರಗಾಲ ಮುಗಿಯುತ್ತ ಬಂದಾಗ ಪೈಲಟರು ಬೂಟು ಕಳಚಿ ವಿಮಾನದ ಮೆಟ್ಟಿಲ ಮೇಲೆ ಇಡುತ್ತಾರೆ. ಬೂಟು ಇಡುವುದು ಕಾನೂನಲ್ಲ, ರೂಢಿ. ಮೆಟ್ಟಿಲ ಮೇಲೆ ಬೂಟು ಕಂಡರೆ ಆ ಗುಬ್ಬಿ ಬೆಳಗಿನ ತನಕ ಹಾರುವುದಿಲ್ಲ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಪ್ರಯಾಣಿಕರು ಗೊಣಗುತ್ತ ಗಂಟು ಇಳಿಸಿಕೊಳ್ಳುತ್ತಾರೆ, ಅಂಗಳದ ಅಡುಗೆಯವರು ಒಲೆಯ ಮೇಲೆ ಇನ್ನೊಂದು ಪಾತ್ರೆ ಇಡುತ್ತಾರೆ.

ಇನ್ನು ಈ ತಿಂಗಳು ನಡೆದ ಸಂಗತಿಗೆ ಬರುತ್ತೇನೆ. ಯಾದಗಿರಿಯಿಂದ ಹುಬ್ಬಳ್ಳಿ ಮೇಲೆ ಕಾರವಾರಕ್ಕೆ ಹೊಸ ದಾರಿ ತೆರೆಯುವುದೆಂದು ಪ್ರಯಾಣ ಸಭೆ ತೀರ್ಮಾನಿಸಿತು. ಯಾವ ಊರಿಗೆ ಯಾರ ಗುಬ್ಬಿ ಹಾರಬೇಕೆಂದು ಹೇಳುವವರು ಅವರೇ. ಪ್ರಯಾಣಿಕರನ್ನು ಹೊತ್ತು ಒಂದೇ ದಿನದಲ್ಲಿ ಹೋಗಿ ಬಂದು ತೋರಿಸಿದವರಿಗೆ ದಾರಿ. ಕಣದಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಕೊಪ್ಪಳದ ಜೋಡುರೆಕ್ಕೆ ಕಂಪನಿಯ ಬಸಲಿಂಗಪ್ಪ. ಈ ದಾರಿ ಸಿಗಲೆಂದು ನಾನು ನನ್ನ ಎರಡು ಹಳೆಯ ಗುಬ್ಬಿಗಳನ್ನು ಮಾರಿ ಕಡಲಗಾಳಿ ತಡೆಯುವ ಒಂದು ಹೊಸತನ್ನು ಕೊಂಡಿದ್ದೆ. ದಾರಿ ತಪ್ಪಿದರೆ ಮತ್ತೆ ಗಂಟುಮೂಟೆ ಹೊರುವುದೇ ಗತಿ. ಹಾರಿಸುವವಳು ಮಾಳಮ್ಮ ಕೊಡೇಕಲ್. ಬಿರುಗಾಳಿಯಲ್ಲೂ ಪ್ರಯಾಣಿಕರ ಲೋಟದ ಚಹಾ ತುಳುಕದಂತೆ ಇಳಿಸುವವಳು.

ಆ ಬೆಳಿಗ್ಗೆ ಹೊರಡುವ ಮೊದಲು ಪೈಲಟಿಗೆ ಸಣ್ಣದೊಂದು ಸನ್ಮಾನ ಇಟ್ಟುಕೊಳ್ಳೋಣವೆಂದು ಸಭೆಯ ಅಧ್ಯಕ್ಷರು ಸೂಚಿಸಿದರು. ಪುಕ್ಕಟೆ ಪ್ರಚಾರ ಯಾರಿಗೆ ಬೇಡ, ನಾನು ಎರಡು ಕೈಯಲ್ಲಿ ಒಪ್ಪಿಕೊಂಡೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಬೇಗ ಮುಗಿದವು. ಭಾಷಣ ಮುಗಿಯಲಿಲ್ಲ. ಪುಷ್ಪಕ ವಿಮಾನದಿಂದ ಮೇಲೆದ್ದ ಅಧ್ಯಕ್ಷರು ನಮ್ಮ ಯಾದಗಿರಿಯ ರನ್‌ವೇಗೆ ಬಂದು ಇಳಿಯುವಷ್ಟರಲ್ಲಿ ಹತ್ತಿರ ಹತ್ತಿರ ಎರಡು ಗಂಟೆ. ಮಾಳಮ್ಮ ಹಾರ ಹಾಕಿಕೊಂಡು ಕೂತಿದ್ದಳು. ನಾನು ಚಪ್ಪಾಳೆ ತಟ್ಟುತ್ತಿದ್ದೆ.

ನಾನೂ ಜೊತೆಗೇ ಹೊರಟೆ. ಕಾರವಾರದಲ್ಲಿ ಮಂಜು, ಅಲ್ಲೊಂದಿಷ್ಟು ಕಾದೆವು. ಸಂಜೆ ಹುಬ್ಬಳ್ಳಿಯಲ್ಲಿ ಇಳಿದಾಗ ಯಾದಗಿರಿಗೆ ಉಳಿದದ್ದು ಒಂದು ಗಂಟೆಯ ಹಾರಾಟ, ಆಕೆಯ ಎಚ್ಚರಗಾಲದಲ್ಲಿ ಉಳಿದದ್ದು ಅರ್ಧ ಗಂಟೆ. ಮಾಳಮ್ಮ ಇಳಿದಳು, ಬೂಟು ಕಳಚಿದಳು, ಮೆಟ್ಟಿಲ ಮೇಲೆ ಇಟ್ಟಳು.

ರೂಢಿಯನ್ನು ಮರೆತು ನಾನು ಬಾಯಿ ಬಿಟ್ಟೆ. ನನ್ನ ಅನ್ನ ಹುಟ್ಟಿಸಿದ ಬಾಯಿ ಅದು, ಆ ಸಂಜೆ ಅದರಲ್ಲಿದ್ದ ಸರಕೆಲ್ಲ ಖರ್ಚಾಯಿತು. ಆಕಾಶ ತಿಳಿಯಾಗಿದೆ ಎಂದೆ, ಇಮ್ಮಡಿ ಕೂಲಿ ಎಂದೆ. ಕೊನೆಗೆ, ಕುರ್ಚಿಯ ಮೇಲೆ ಹಾರ ಹಾಕಿಕೊಂಡು ಕೂತದ್ದೂ ಒಂದು ದುಡಿಮೆಯೇ ಎಂದು ಕೇಳಿದೆ. ಮಾಳಮ್ಮ ದನಿ ಏರಿಸಲಿಲ್ಲ.

"ಸಾವಕಾರ್ರ, ಮುಂಜಾನಿ ನಾ ಅಲ್ಲಿ ಕುಂತಿದ್ದು ನಿಮ್ಮ ಸಲುವಾಗಿ. ನನ್ನ ಸಲುವಾಗಿ ಆಗಿದ್ರ ಅಷ್ಟೊತ್ತು ಮಲಕೋತಿದ್ದೆ."

ಗುರುಮಿಠಕಲ್ಲಿನ ಹಂಪಮ್ಮ ಎಂಬ ಮುದುಕಿ ಒಣಮೀನು ತರಲೆಂದೇ ನಮ್ಮೊಡನೆ ಕಾರವಾರಕ್ಕೆ ಬಂದಿದ್ದಳು. ಚೀಲದ ಮೇಲೆ ಕೂತಲ್ಲಿಂದಲೇ ಅವಳು ನನಗೆ ಹೇಳಿದಳು: "ಆ ಭಾಷಣ ನಾನೂ ಕೇಳೀನಪಾ. ಅದು ದುಡಿಮಿ ಅಲ್ಲಂದ್ರ ಇನ್ಯಾವುದು ದುಡಿಮಿ?"

ಎಲ್ಲರೂ ನಕ್ಕರು, ನನ್ನನ್ನು ಬಿಟ್ಟು. ಹುಬ್ಬಳ್ಳಿಯ ಅಂಗಳದವರು ರೊಟ್ಟಿ ಹಾಕಿದರು, ಒಣಮೀನಿನ ವಾಸನೆಯಲ್ಲಿ ಮಲಗಿದೆವು. ದಾರಿ ಕೈತಪ್ಪಿತೆಂದೇ ನಾನು ಲೆಕ್ಕ ಮುಗಿಸಿದ್ದೆ.

ಎರಡು ದಿನ ಬಿಟ್ಟು ಬಸಲಿಂಗಪ್ಪನ ಸರದಿ. ಅದೇ ಅಧ್ಯಕ್ಷರು, ಹೊಸ ಶಾಲು. ಮೊದಲ ಸಲ ಹೇಳಲು ಮರೆತದ್ದನ್ನೂ ಈ ಸಲ ಸೇರಿಸಿದರಂತೆ. ಅವನ ಪೈಲಟ್ ಹುಬ್ಬಳ್ಳಿಯವರೆಗೂ ಬರಲಿಲ್ಲ, ಕಾರವಾರದಲ್ಲೇ ಬೂಟು ಕಳಚಿದ. ಆ ಸಂಜೆ ಬಸಲಿಂಗಪ್ಪ ನನಗೆ ಫೋನು ಮಾಡಿದ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲ ಸಲ. ನಿಮ್ಮ ಪೈಲಟಿಗೆ ಏನಾದರೂ ಹೇಳಿ ನೋಡಿದ್ದಿರಾ ಎಂದು ಕೇಳಿದ. ಎಲ್ಲ ಹೇಳಿ ನೋಡಿದೆ ಎಂದೆ. ತಾನೂ ಎಲ್ಲ ಹೇಳಿ ನೋಡಿದೆ ಎಂದ. ಇಬ್ಬರೂ ನಗತೊಡಗಿದೆವು.

ಆ ನಗುವಿನಲ್ಲಿ ನನಗೆ ನಿಮ್ಮ ಉಪಕಾರ ಅರ್ಥವಾಯಿತು. ಎಚ್ಚರಗಾಲ ಪೈಲಟರನ್ನು ಕಾಯುತ್ತದೆ ಎಂದು ಎಲ್ಲರೂ ಬಲ್ಲರು. ಅದು ನನ್ನಂಥವನನ್ನೂ ಕಾಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಅದಿಲ್ಲದಿದ್ದರೆ ನಮ್ಮ ದಂಧೆಯ ದರ ಕಟ್ಟುವವನು ನಮ್ಮೆಲ್ಲರಲ್ಲಿ ನಾಚಿಕೆಗೆಟ್ಟವನು. ಅವನು ದಣಿದವನನ್ನು ಹಾರಿಸಿದರೆ ನಾನೂ ಹಾರಿಸಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು. ಬಸಲಿಂಗಪ್ಪ ನನಗಿಂತ ಕೆಟ್ಟವನಾಗದಂತೆ, ನಾನು ಅವನಿಗಿಂತ ಕೆಟ್ಟವನಾಗದಂತೆ ನಮ್ಮಿಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿಹಾಕಿದ್ದೀರಿ. ಆ ಹಗ್ಗ ಹೊಸೆದವರು ನೀವು. ಯಾವುದೋ ಚಿಕ್ಕ ಅಂಗಳದಲ್ಲಿ, ಬರೆಯಬೇಡ ಎಂದರೂ ಕಾದ ಹೊತ್ತನ್ನು ಲೆಕ್ಕದ ಪುಸ್ತಕದಲ್ಲಿ ಬರೆದವರು. ಇನ್ನೊಂದೇ ಟ್ರಿಪ್ ಎಂದಾಗ ಆಗುವುದಿಲ್ಲ ಎಂದು ಕೆಲಸ ಕಳೆದುಕೊಂಡವರು. ನಿಮ್ಮ ಹೆಸರುಗಳು ನಮ್ಮವರೆಗೆ ಬಂದಿಲ್ಲ, ನಿಮ್ಮ ಹಟ ಬಂದಿದೆ.

ಸಭೆಯವರು ಪರೀಕ್ಷೆಯನ್ನು ಮತ್ತೆ ಇಟ್ಟರು. ಈ ಸಲ ಶಾಲಿಲ್ಲ, ಭಾಷಣವಿಲ್ಲ, ಅಧ್ಯಕ್ಷರು ದೂರದಿಂದ ಕೈಬೀಸಿದರು. ಮಾಳಮ್ಮ ಹೊತ್ತು ಮುಳುಗುವ ಮೊದಲೇ ಯಾದಗಿರಿಯಲ್ಲಿ ಇಳಿದಳು. ಬಸಲಿಂಗಪ್ಪನ ಪೈಲಟನೂ ಗೆದ್ದ. ದಾರಿಯನ್ನು ಇಬ್ಬರಿಗೂ ದಿನ ಬಿಟ್ಟು ದಿನ ಹಂಚಿದರು. ನಾನು ಕೇಳಿದ್ದರಲ್ಲಿ ಅರ್ಧ ಸಿಕ್ಕಿತು, ಬದುಕಲು ಅಷ್ಟು ಸಾಕು.

ಒಂದೇ ಕೋರಿಕೆ. ಆ ಪುಸ್ತಕದಲ್ಲಿ ನಿಮ್ಮ ದಣಿವನ್ನು ಕಡಿಮೆ ಮಾಡಿ ಬರೆಯಬೇಡಿ. ಮಾಲೀಕ ಒಳ್ಳೆಯವನು, ಪಾಪ, ಕಷ್ಟದಲ್ಲಿದ್ದಾನೆ ಎಂದುಕೊಂಡು ಕಡಿಮೆಯಂತೂ ಬರೆಯಲೇಬೇಡಿ. ನಾನೂ ಒಳ್ಳೆಯ ಮಾಲೀಕನೇ, ಅದಕ್ಕೇ ಹೇಳುತ್ತಿದ್ದೇನೆ.

ನಾಳೆ ಹೊಸ ದಾರಿಯ ಮೊದಲ ಹಾರಾಟ. ಮಾಳಮ್ಮ ಈಗಾಗಲೇ ಮನೆಗೆ ಹೋಗಿ ಮಲಗಿರಬೇಕು. ಕಾರವಾರದಲ್ಲಿರುವ ಮಗಳನ್ನು ನೋಡಲು ನಾನೂ ಟಿಕೆಟ್ ಕೊಂಡಿದ್ದೇನೆ. ಆಕೆಯ ಹಿಂದಿನ ಸೀಟಿನಲ್ಲಿ ಕೂತು, ಗುಬ್ಬಿ ಮೇಲೇರುವ ಮೊದಲೇ ಕಣ್ಣು ಮುಚ್ಚಿ, ಹುಬ್ಬಳ್ಳಿಯವರೆಗೂ ಗೊರಕೆ ಹೊಡೆಯುತ್ತೇನೆ.

ನೀವು ಕಾಯುತ್ತಿರುವ ಅಂಗಳದಲ್ಲಿ ಬೇಗ ಮೋಡ ಸರಿಯಲಿ.

ಇಂತಿ,
ಭೀಮರಾಯ ಹತ್ತಿಕುಣಿ