ಮೊದಲು ಕೊಯ್ದ ಕಾಲು

ಸವಣೂರು,
ಮೇ ತಿಂಗಳ ಕಡೆಯ ಶನಿವಾರ

ಸುನಿತಾ,

ಹಾಂ, ಸ್ಟೂಲಿನ ಕಾಲಿನ ವಿಷಯ. ನಿನ್ನೆ ನಿನ್ನ ಫೋಟೋದ ಮುಂದೆ ಮಾತಾಡುತ್ತ ಅಲ್ಲಿಗೇ ನಿಲ್ಲಿಸಿದ್ದೆ ನೋಡು, ಅಷ್ಟರಲ್ಲಿ ನಿನ್ನ ಮಗಳು ಒಳಗೆ ಬಂದಳು. ಅವಳ ಎದುರಿಗೆ ಹೇಳುವಂಥದ್ದಲ್ಲ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ನೀನು ತೀರಿಕೊಂಡು ಎರಡು ವರ್ಷವಾಯಿತು, ಎರಡೂ ವರ್ಷ ಅವಳು ನನ್ನ ಹತ್ತಿರವೇ ಇದ್ದಾಳೆ. ನಿಮ್ಮವ್ವನ ಹೆಸರಿಟ್ಟೆಯಲ್ಲ, ನಿಮ್ಮವ್ವ ಹೋದ ಮೇಲೆ ಸಪ್ಪಳವೇ ಇಲ್ಲದ ಮನೆಯಲ್ಲಿ ಮತ್ತೊಬ್ಬ ಹೊಳೆವ್ವ ನನ್ನನ್ನು ಗದರಿಸಿಕೊಂಡು ಓಡಾಡುತ್ತಿದ್ದಳು. ಏಪ್ರಿಲ್‌ನಲ್ಲಿ ಹಂಸಭಾವಿಯಿಂದ ಚನ್ನೇಶ ಬಂದ. ನಿನ್ನ ಗಂಡ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. "ಮಾವಾರ, ನಮ್ಮ ಮದುವಿ ಆಗಿ ಆರು ತಿಂಗಳಾತು. ಶ್ವೇತಾನೂ ಕೂಸಿನ್ನ ಕರಕೊಂಡ ಬರ್ರಿ ಅಂತಾಳ. ಸಾಲಿ ಸುರು ಆಗೂದ್ರಾಗ ಒಯ್ತೇನ್ರಿ" ಎಂದ. ಶ್ವೇತಾ ಅವನ ಹೊಸ ಹೆಂಡತಿ. ಅವಳಲ್ಲೂ ಹುಳುಕು ಹುಡುಕಿದೆ, ಸಿಗಲಿಲ್ಲ. ಆಗಷ್ಟೇ ಕಟ್ಟಿಗೆಯ ಸ್ಟೂಲು ಮಾಡಲು ಹಿಡಿದಿದ್ದ ಹೊಳೆವ್ವ ಮಾತ್ರ, "ಸ್ಟೂಲ್ ಮುಗಿಸೇ ಬರ್ತೇನಿ" ಎಂದು ಕುಳಿತಳು. "ಆತವಾ, ಮುಗದ ಕೂಡ್ಲೆ ಫೋನ್ ಹಚ್ಚು, ಮರುದಿನಾನ ಬರ್ತೇನಿ" ಎಂದು ಅವನೂ ಒಪ್ಪಿದ. ಕೂಸನ್ನು ಇಲ್ಲೇ ಬಿಡು ಎಂದು ಅವನಿಗೆ ಒಂದು ಪತ್ರ ಬರೆಯೋಣ, ಇಂಗ್ಲಿಷಿನಲ್ಲಿ ಬರೆದರೆ ತೂಕ ಇರುತ್ತದೆ ಎಂದು ಕುಳಿತೆ. 'ವಿತ್ ಡ್ಯೂ ರಿಸ್ಪೆಕ್ಟ್' ವರೆಗೆ ನೆನಪಾಯಿತು. ಮುಂದಿನದು ಬರಲಿಲ್ಲ.

ಉಳಿದದ್ದು ಸ್ಟೂಲು ಒಂದೇ. ಅದನ್ನು ಜೂನ್‌ವರೆಗೆ ಎಳೆದರೆ ಇಲ್ಲಿಯ ಶಾಲೆಯಲ್ಲೇ ಎರಡನೇ ಇಯತ್ತೆ ಶುರುವಾಗುತ್ತದೆ, ಒಂದು ವರ್ಷ ಸಿಗುತ್ತದೆ ಎಂದು ಲೆಕ್ಕ ಹಾಕಿದೆ.

ಪಕ್ಕದ ಮನೆಯ ಬಡಿಗ ನಿಯಾಜ ತುಂಡು ಕಟ್ಟಿಗೆ ಕೊಡುತ್ತಾನೆ. ಅವನ ಮೊಮ್ಮಗಳು ಮದಿಹಾ ನಿನ್ನ ಮಗಳ ಓರಗೆಯವಳು. ಇಬ್ಬರೂ ಸೇರಿ ಆಗಲೇ ಪೆನ್ಸಿಲ್ ಇಡುವ ಡಬ್ಬಿ, ಗುಬ್ಬಿಗೆ ಕಾಳು ಹಾಕುವ ಹಲಗೆ ಮಾಡಿದ್ದರು. ಗೆರೆ ಎಳೆಯುವುದು ಹೊಳೆವ್ವ, ಗರಗಸ ಹಿಡಿಯುವುದು ನಾನು, ಕಟ್ಟಿಗೆ ಅಲುಗದಂತೆ ಅದರ ಮೇಲೆ ಕೂಡುವುದು ಮದಿಹಾ. ನಾಲ್ಕು ಕಾಲು ಕೊಯ್ಯುವಾಗ ಮೊದಲು ಕೊಯ್ದದ್ದನ್ನೇ ಉಳಿದ ಮೂರಕ್ಕೂ ಅಳತೆಗೆ ಇಟ್ಟುಕೊಳ್ಳಬೇಕು. ಮೊದಲನೆಯದನ್ನಿಟ್ಟು ಎರಡನೆಯದು, ಎರಡನೆಯದನ್ನಿಟ್ಟು ಮೂರನೆಯದು ಎಂದು ಹೋದರೆ ಪ್ರತಿ ಸಲ ಪೆನ್ಸಿಲ್ ಗೆರೆಯಷ್ಟು ಉದ್ದ ಬೆಳೆಯುತ್ತದೆ, ಕಡೆಗೆ ಸ್ಟೂಲು ಕುಂಟುತ್ತದೆ. ನಾನು ಓದಿದ ಹಾನಗಲ್ಲ ಕಾಲೇಜಿನಲ್ಲಿ ಇದಕ್ಕೆ ಏನೋ ಎರರ್ ಅನ್ನುತ್ತಿದ್ದರು, ಕ್ಯುಮುಲೇಟಿವ್ ಇರಬೇಕು. ಹುಡುಗಿ ಅದೇ ತಪ್ಪು ಮಾಡಿದಳು. ನಾನು ನೋಡಿದೆ, ಬಾಯಿ ತೆರೆಯಲಿಲ್ಲ. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿ ಉಂಡವನು ಇದೊಂದನ್ನು ಹಾಗೇ ಬಿಟ್ಟೆ.

ಕುಂಟಿದಾಗಲೆಲ್ಲ ಕಾಲು ಕಿತ್ತು ಮತ್ತೆ ಗೆರೆ, ಮತ್ತೆ ಗರಗಸ. ಒಂದೂವರೆ ಅಡಿ ಎತ್ತರದ ಸ್ಟೂಲು ಒಂದು ಗೇಣಿಗೆ ಇಳಿಯಿತು. "ಏನ್ರಿ ಮಾಸ್ತರ, ಬೆಲ್ಲದ ಕಟಗಿ ಕೊಟ್ಟೇನೇನು ನಾ? ದಿನಾ ಕರಗಾಕತ್ತೈತಲ್ಲ" ಎಂದ ನಿಯಾಜ. ಬಡಿಗನಿಗೆ ತಿಳಿಯದೆ ಇರುತ್ತದೆಯೇ? ನನ್ನ ಮುಖ ನೋಡಿದ, ಹುಡುಗಿಯರಿಗೆ ಏನೂ ಹೇಳದೆ ಹೋದ.

ನಿನ್ನೆ ಇಬ್ಬರೂ ಜಗಳಕ್ಕೆ ಬಿದ್ದರು. "ನೀ ಗೆರಿ ಸೊಟ್ಟ ಎಳೀತಿ" ಎಂದು ಇವಳಿಗೆ ಅವಳು, "ನೀ ಕುಂತಲ್ಲೇ ಕುಣೀತಿ" ಎಂದು ಅವಳಿಗೆ ಇವಳು. ಆಮೇಲೆ ಹೊಳೆವ್ವ ನಾಲ್ಕೂ ಕಾಲನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿದಳು. ಒಂದೊಂದರ ತಲೆಯನ್ನೂ ಬೆರಳಿನಿಂದ ಮುಟ್ಟುತ್ತ ಹೋದಳು. "ಅಜ್ಜಾ, ಇದು ಇದನ್ನ ನೋಡಿ ಬೆಳದೈತಿ, ಇದು ಇದನ್ನ ನೋಡಿ ಬೆಳದೈತಿ. ಎಲ್ಲಾವೂ ಮೊದಲನೇದನ್ನ ನೋಡಬೇಕಿತ್ತು, ಹೌದಿಲ್ಲೋ?" ಹೌದೆಂದೆ. ಏಳು ವರ್ಷದ ಕೂಸು ತಾನೇ ಕಂಡುಹಿಡಿದ ಖುಷಿಯಲ್ಲಿ ಮೊದಲ ಕಾಲಿಗೆ ತಲೆಯ ರಿಬ್ಬನ್ ಕಟ್ಟಿ ಬೇರೆ ಇಟ್ಟಳು.

ಇವತ್ತು ಮಧ್ಯಾಹ್ನ ಮುಗಿಯಿತು. ನನಗೇ ಮಾಡಿದ್ದೆಂದು ತಿಳಿದಿದ್ದೆ. ಯಾರಿಗವಾ ಎಂದು ಕೇಳಿದ್ದು ನನ್ನದೇ ತಪ್ಪು. "ಶ್ವೇತಾ ಚಿಗವ್ವಗ. ಅಕಿ ರೊಟ್ಟಿ ಬಡ್ಯಾಕ ನೆಲಕ್ಕ ಕುಂಡ್ರತಾಳಂತ, ಫೋನಿನ್ಯಾಗ ಹೇಳಿದ್ಲು. ಮೊದಲಿನಷ್ಟ ಎತ್ತರ ಇದ್ದಿದ್ರ ಉಪಯೋಗ ಇದ್ದಿದ್ದಿಲ್ಲ ಅಜ್ಜಾ, ಈಗ ಬರೋಬ್ಬರಿ ಆತು." ಒಂದು ತಿಂಗಳು ನಾನು ಮಾಡಿದ ಮೋಸ ಅಷ್ಟಕ್ಕೆ ಬಂತು ನೋಡು, ಸುನಿತಾ. ಬೈಯಲು ನೀನೂ ಇಲ್ಲ.

ನನ್ನನ್ನೇ ಮೊದಲು ಕೂಡಿಸಿದಳು. "ಅಲಗಾಡ್ತೈತೇನು?" ಮೈಯ ಭಾರವನ್ನೆಲ್ಲ ಒಂದು ಮಗ್ಗುಲಿಗೆ ಹಾಕಿ ನೋಡಿದೆ. ಇನ್ನೊಂದು ಮಗ್ಗುಲಿಗೆ ಹಾಕಿ ನೋಡಿದೆ. ಕದಲಲಿಲ್ಲ. "ಇಲ್ಲವಾ" ಎಂದೆ. "ಹಂಗಾರ ಅಪ್ಪಗ ಫೋನ್ ಹಚ್ಚು" ಎಂದಳು. ಹಚ್ಚಿಕೊಟ್ಟೆ.

ನಾಳೆ ಹತ್ತರ ಬಸ್ಸಿಗೆ ಬರುತ್ತಾನೆ. ರಜೆಗೆ ಕಳಿಸುತ್ತಾನಂತೆ. ಮೊದಲ ರಜೆಗೆ ಬರುತ್ತಾಳೆ, ಎರಡನೆಯದಕ್ಕೂ ಬಂದಾಳು. ಆಮೇಲೆ ಆ ಮನೆಯ ಕೂಸಾಗುತ್ತಾಳೆ. ಆಗಬೇಕು. ಬರೆಯಲು ಬಂತು, ಮನಸ್ಸಿಗೆ ಹೇಳಲು ಬರುತ್ತಿಲ್ಲ.

ಸಾಲು ಕಾಣುತ್ತಿಲ್ಲ, ಆಗಲೇ ಬೆಳಕು ಇಳಿದಿದೆ. ಸ್ಟೂಲು ತೋರಿಸಲು ಮದಿಹಾಳ ಮನೆಗೆ ಹೋದವಳು ಇನ್ನೇನು ಬರುತ್ತಾಳೆ, ಅವಳ ಬಟ್ಟೆ ಮಡಚಿಡಬೇಕು. ತೀರಿಹೋದ ಮಗಳಿಗೆ ಆಶೀರ್ವಾದ ಹೇಗೆ ಬರೆಯುವುದೋ ಅರಿಯೆ. ನಿನ್ನ ಪಾಲಿನದನ್ನೂ ಅವಳಿಗೇ ಕೊಡುತ್ತೇನೆ. ಹೋದ ಮನೆಯಲ್ಲಿ ತಣ್ಣಗಿರಲಿ.

ನಿನ್ನ ಅಪ್ಪ,
ಶಿದ್ಲಿಂಗಪ್ಪ