ಗಾಜಿನ ಕೋಣೆಗೆ ಬಾರದ ಪಾತ್ರೆ

ನಮ್ಮ ಸಭೆಯ ಶಿಸ್ತು ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಕಳೆದ ಭಾನುವಾರ ಕರ್ತನ ಭೋಜನದ ತಟ್ಟೆ ಇಡೀ ಆಲಯ ಸುತ್ತಿ ಬಂತು, ನಮ್ಮ ಅತ್ತೆಯವರ ಹತ್ತಿರ ಮಾತ್ರ ಬರಲಿಲ್ಲ. ತಾಯಂದಿರು ಹಸುಗೂಸುಗಳನ್ನು ಇಟ್ಟುಕೊಂಡು ಕೂರುವ ಗಾಜಿನ ಕೋಣೆಯಲ್ಲಿ ಅವರು ಕೂತಿದ್ದರು. ಅಲ್ಲಿಗೆ ಕಳಿಸಿದ್ದು ನಿಮ್ಮ ಸಮಿತಿ. ಕೊಟ್ಟ ಕಾರಣ, ಕ್ರಮಪಾಲನೆ. ಇದನ್ನು ಬೀದಿಗೆ ತರುವ ಆಸೆ ನನಗಿರಲಿಲ್ಲ. ಎರಡು ಸಲ ನಿಮ್ಮ ಬಾಗಿಲಿಗೆ ಬಂದೆ. ಎರಡು ಸಲವೂ ನೀವು ಶಿಸ್ತಿನ ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಎಲ್ಲರೂ ಓದುವ ಹಾಗೆ ಈ ಬಹಿರಂಗ ಪತ್ರ.

ನಮ್ಮ ಪದ್ಧತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆ ತಟ್ಟೆಯಿಂದ ದ್ರಾಕ್ಷಾರಸದ ಪುಟ್ಟ ಲೋಟ ತೆಗೆದು ಹಿಡಿದು ಎಲ್ಲರೂ ಕಾಯುತ್ತೇವೆ. ಪ್ರಾರ್ಥನೆ ಮುಗಿಸಿ ಸಭಾಪಾಲಕರು ತಮ್ಮ ಲೋಟ ಎತ್ತಿದಾಗ ಒಟ್ಟಿಗೆ ಕುಡಿಯುತ್ತೇವೆ. ಚೆಂದದ ಪದ್ಧತಿ, ನನ್ನ ತಕರಾರೇನಿಲ್ಲ. ಆದರೆ ಅತ್ತೆಯವರಿಗೆ ಕೈನಡುಕ. ನಮ್ಮ ಪಾಲಕರ ಪ್ರಾರ್ಥನೆಯೋ, ಲೋಕದ ಯಾವ ಮೂಲೆಯನ್ನೂ ಬಿಡುವುದಿಲ್ಲ. ಅದು ಮುಗಿಯುವಷ್ಟರಲ್ಲಿ ರಸ ಲೋಟದಲ್ಲಿರದೆ ಮುಂದಿನ ಬೆಂಚಿನವರ ಬೆನ್ನಿನ ಮೇಲಿರುತ್ತದೆ. ಒಮ್ಮೆ ಆ ಬೆನ್ನು ನಿಮ್ಮ ಶ್ರೀಮತಿಯವರದಾಗಿತ್ತು. ನಾನು ಹೊಲಿಗೆಯವಳು, ಕಲೆ ತೆಗೆಯುವುದು ಗೊತ್ತು. ಬಟ್ಟೆಯಿಂದ ಹೋಯಿತು, ನಿಮ್ಮ ಮನಸ್ಸಿನಿಂದ ಹೋಗಲಿಲ್ಲ.

ಅತ್ತೆಯವರು ತಾವೇ ಒಂದು ಉಪಾಯ ಕಂಡುಕೊಂಡರು. ಲೋಟ ಕೈಗೆ ಬಂದ ಕೂಡಲೇ ಕುಡಿದುಬಿಡುವುದು. "ಚೆಲ್ಲೋದಕ್ಕಿಂತ ಬೇಗ ಕುಡಿಯೋದೇ ವಾಸಿ ಅಲ್ವೇನೇ?" ಎಂದು ನನ್ನನ್ನು ಕೇಳಿದ್ದರು. ನಾನು ಹೂಂ ಅಂದೆ. ಅದೂ ನಿಮ್ಮ ಕಣ್ಣಿಗೆ ಬಿತ್ತು. ನಮ್ಮ ಮನೆಗೇ ಬಂದು, ನನ್ನ ಮಿಷಿನ್ನಿನ ಪಕ್ಕ ನಿಂತು ನೀವು ಹೇಳಿದಿರಿ: "ಟೀಚರಮ್ಮ, ನೀವು ಬೇರೆಯವರಿಗಿಂತ ಮುಂಚೆ ತಗೋತಿದ್ದೀರಿ. ಅಪೊಸ್ತಲನು ಖಂಡಿಸಿದ್ದು ಇದನ್ನೇ." ಅವರು ತಲೆ ತಗ್ಗಿಸಿ, "ತಪ್ಪಾಯ್ತು ಕಣಪ್ಪ" ಅಂದರು. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ನಿಮಗೆ ಆ ವಚನ ಬಾಯಿಪಾಠ ಮಾಡಿಸಿದವರು ಇವರೇ ಎಂಬುದು ಆಗ ನಿಮಗೆ ನೆನಪಿತ್ತೋ ಇಲ್ಲವೋ, ನನಗಂತೂ ಮೈ ಉರಿದುಹೋಯಿತು.

ಬೈಬಲ್ಲಿನ ಆ ಪತ್ರದಲ್ಲಿ ಅಪೊಸ್ತಲನು ಗದರಿದ್ದು ಯಾರನ್ನು? ಮೊದಲೇ ಬಂದು ಹೊಟ್ಟೆ ತುಂಬಿಸಿಕೊಂಡು, ಬಡವರಿಗೆ ಖಾಲಿ ಮೇಜು ಉಳಿಸಿದವರನ್ನು. ಕೈ ನಡುಗುವ ಮುದುಕಿಯನ್ನಲ್ಲ. ಅದೇ ಮಾತನ್ನು ಮುಗಿಸುವಾಗ ಅವನು, ಒಬ್ಬರಿಗಾಗಿ ಒಬ್ಬರು ಕಾಯಬೇಕು ಎನ್ನುತ್ತಾನೆ. ತಾವು ಆ ಸಾಲಿಗೆ ಬರುವ ಮುನ್ನವೇ ಪುಸ್ತಕ ಮುಚ್ಚಿದಿರೇನು? ಎಲ್ಲವೂ ಕ್ರಮವಾಗಿ ನಡೆಯಲಿ ಎಂದು ಬರೆದವನೂ ಅವನೇ, ಒಪ್ಪಿದೆ. ಆದರೆ ಅದಕ್ಕೂ ಮುಂಚೆ ಸಭೆಯೆಂದರೆ ಒಂದು ದೇಹ, ಅದರಲ್ಲಿ ಬಲಹೀನವಾಗಿ ಕಾಣುವ ಅಂಗವೇ ಹೆಚ್ಚು ಬೇಕಾದದ್ದು ಎಂದೂ ಬರೆದ. ನಡುಗುತ್ತದೆಂದು ತನ್ನ ಕೈಯನ್ನೇ ಪಕ್ಕದ ಕೋಣೆಗೆ ಅಟ್ಟುವ ದೇಹವನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ಭಾನುವಾರ ನಾನು ಅವರ ಪಕ್ಕದಲ್ಲೇ ಇದ್ದೆ. ಸ್ಪೀಕರಿನಲ್ಲಿ ಪಾಲಕರು ಎಲ್ಲರೂ ಸ್ವೀಕರಿಸಿ ಎಂದದ್ದು ಕೇಳಿಸಿತು. ಅತ್ತೆ ಅಂಗೈ ಚಾಚಿಕೊಂಡು ಬಾಗಿಲನ್ನೇ ನೋಡುತ್ತಿದ್ದರು. ಗಾಜಿನಾಚೆ ಎಲ್ಲರೂ ಕುಡಿದರು, ಖಾಲಿ ಲೋಟ ಇಟ್ಟರು, ಕೊನೆಯ ಹಾಡಿಗೆ ಎದ್ದು ನಿಂತರು. ನಾನು ಹೊರಗೆ ಹೋಗಿ ಕೇಳೋಣವೆಂದು ಏಳುವಷ್ಟರಲ್ಲಿ ಅವರು ನನ್ನ ತೋಳು ಹಿಡಿದು ಎಳೆದರು. "ಕೂತ್ಕೋ. ಗಲಾಟೆ ಮಾಡಬೇಡ, ಕ್ರಮ ತಪ್ಪುತ್ತೆ." ಆಮೇಲೆ ತಟ್ಟೆ ಹಿಡಿಯುವವನು ತಲೆ ಕೆರೆದುಕೊಂಡು, "ಅಯ್ಯೋ, ಮರೆತೇ ಹೋಯ್ತು ಅಕ್ಕ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣಿಂದ ದೂರ ಕೂರಿಸಿದವರನ್ನು ಮರೆಯುವುದು ಸಹಜ.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು, "ನನ್ನ ಮರೆತಿದ್ದು ಇವರು ತಾನೇ? ಕರ್ತನಲ್ಲ ಅಲ್ವಾ?" ನಾನು ಖಂಡಿತ ಅಲ್ಲ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಇನ್ನು ಮೇಲೆ ಆಲಯಕ್ಕೆ ಬರುವುದಿಲ್ಲ ಎನ್ನುತ್ತಿದ್ದಾರೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ನೀವೇ ಬಂದು ಅವರನ್ನು ಕರೆಯಿರಿ. ಅವರ ಹಳೆಯ ಬೆಂಚಿನಲ್ಲೇ ಕೂರಿಸಿ. ಅವರ ಲೋಟ ಬಾಯಿಗೆ ಮುಟ್ಟುವ ತನಕ ಪಾಲಕರೂ ನೀವೂ ಇಡೀ ಸಭೆಯೂ ಕಾಯಲಿ. ಚೆಲ್ಲಿದರೆ ಚೆಲ್ಲಲಿ, ಬಟ್ಟೆ ನನಗೆ ಕೊಡಿ, ಒಗೆದುಕೊಡುತ್ತೇನೆ. ಹಾಗೆ ಆಗುವವರೆಗೆ ತಟ್ಟೆ ನನ್ನ ಮುಂದೆ ಬಂದಾಗ ನಾನೂ ಲೋಟ ಎತ್ತುವುದಿಲ್ಲ. ಬೇರೆಯವರಿಗಿಂತ ಮುಂಚೆ ತೆಗೆದುಕೊಳ್ಳಬಾರದು ಎಂದು ನಮ್ಮ ಮನೆಗೆ ಬಂದು ಹೇಳಿದವರು ನೀವೇ ಅಲ್ಲವೇ?

ಇಂತಿ,
ನಿಮಗೆ ಆ ವಚನ ಕಲಿಸಿದವರ ಸೊಸೆ,
ಅವರಿಗಾಗಿ ಕಾಯುತ್ತಿರುವವಳು