ಕಾಲಿಲ್ಲದೆ ಅಡುಗೆಮನೆಗೆ ಬಂದ ಇಲಿ

ಸತ್ತ ಇಲಿಯ ಮಾತನ್ನು ನಂಬುವ, ಬದುಕಿರುವ ಬಾಡಿಗೆದಾರನ ಮಾತನ್ನು ನಂಬದ ಮಾನ್ಯ ಆರೋಗ್ಯಾಧಿಕಾರಿಗಳೇ,

ಕಳೆದ ಗುರುವಾರ ಸದಾಶಿವ ಪೇಠೆಯ ನಮ್ಮ ಅಡುಗೆಮನೆಯಲ್ಲಿ ಸಿಕ್ಕ ಸತ್ತ ಇಲಿ ನಮ್ಮದಲ್ಲ. ಅದನ್ನು ತಮ್ಮ ಇಲಾಖೆಯ ಜವಾನನೇ ತಂದು ಇಟ್ಟನೆಂದು ನನಗೆ ಬಲವಾದ ಸಂಶಯವಿದೆ. ಆ ಇಲಿಯ ದೆಸೆಯಿಂದ ಬರುವ ಸೋಮವಾರ ನಾವು ಮನೆ ಬಿಟ್ಟು ಊರ ಹೊರಗಿನ ಪ್ಲೇಗಿನ ಗುಡಿಸಲಿಗೆ ಹೋಗಬೇಕಂತೆ, ಮನೆಯ ಹೆಂಚು ತೆಗೆದು ಔಷಧ ಹೊಡೆಯುತ್ತಾರಂತೆ. ಅರ್ಜಿ ಕೊಟ್ಟರೆ ತಮ್ಮ ಕಚೇರಿಯಲ್ಲಿ ಅದು ಯಾರ ಕೈಗೂ ಸಿಗುವುದಿಲ್ಲ. ತಾವು ಬೆಳಗಾವಿಯ ಕಡೆಯವರು, ಕನ್ನಡ ಬಲ್ಲವರು ಎಂದು ಕೇಳಿ, ಪತ್ರಿಕೆಯಲ್ಲಿ ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಹುಳುಹುಪ್ಪಡಿ ಇಲ್ಲವೆಂದು ನಾನು ಸಾಧಿಸಲು ಹೊರಟಿಲ್ಲ. ಮಂಚದಲ್ಲಿ ತಿಗಣೆಗಳಿವೆ, ನಮಗಿಂತ ಮೊದಲೇ ಬಂದು ನೆಲೆಸಿದ ಆ ಕುಟುಂಬ ನಮ್ಮನ್ನೇ ಬಾಡಿಗೆದಾರರೆಂದು ತಿಳಿದಂತಿದೆ. ಮೋರಿಯಲ್ಲಿ ಜಿರಲೆ, ತೊಲೆಯಲ್ಲಿ ಗೆದ್ದಲು, ಮಳೆಗಾಲದಲ್ಲಿ ಹೊಸ್ತಿಲ ಸಂದಿಯಿಂದ ಚೇಳು. ಇವೆಲ್ಲ ಈ ವಾಡೆಯ ಎಲ್ಲ ಬಿಡಾರಗಳಲ್ಲೂ ಇವೆ. ಹಾಗಿರುವಾಗ ತಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಉಳಿದ ಬಾಗಿಲುಗಳನ್ನೆಲ್ಲ ದಾಟಿ ನೆಟ್ಟಗೆ ನಮ್ಮ ಬಾಗಿಲಿಗೇ ಬಂದದ್ದೇಕೆ? ಅವರ ಜವಾನ ಬೇರೆ ಎಲ್ಲೂ ಹುಡುಕದೆ ಜೋಳದ ಹರವಿಯ ಹಿಂದಕ್ಕೇ ಕೈ ಹಾಕಿದ್ದೇಕೆ? ದಸರೆಯಿಂದಲೂ ಮನೆಯ ಮಾಲೀಕರು ಅವರ ಅಳಿಯನ ಛಾಪಖಾನೆಗೆ ಜಾಗ ಬೇಕೆಂದು ನಮ್ಮನ್ನು ಬಿಡಿಸಲು ನೋಡುತ್ತಿದ್ದಾರೆ. ನಾವು ಒಪ್ಪಲಿಲ್ಲ. ಗುರುವಾರದ ಹಿಂದಿನ ದಿನ ತಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಅದೇ ಮಾಲೀಕರ ತೂಗುಮಣೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿ ಊರಿನ ಆರೋಗ್ಯದ ಚರ್ಚೆಯೇ ನಡೆದಿತ್ತೆಂದು ನಂಬಲು ನಾನು ಸಿದ್ಧನಿದ್ದೇನೆ, ಯಾರಾದರೂ ನಂಬಿಸಿದರೆ.

ಇನ್ನು ಆ ದಿನದ ಸಂಗತಿ. ನನ್ನ ತಾಯಿ ರಂಗೂಬಾಯಿ ಕಟ್ಟಾ ಮಡಿಯವರು. ದಿನಾ ಬೆಳಿಗ್ಗೆ ಮಡಿಯುಟ್ಟು ಅಡುಗೆಮನೆಯನ್ನು ಮೂಲೆಮೂಲೆಯೂ ಬಿಡದೆ ಸೆಗಣಿಯಿಂದ ಸಾರಿಸುತ್ತಾರೆ. ಹರವಿಯ ಹಿಂದಿನ ಮೂಲೆಗೂ ಬಿಡುಗಡೆಯಿಲ್ಲ. ಅದು ಆರುವವರೆಗೆ ಸೊಸೆಯನ್ನೂ ಒಳಗೆ ಬಿಡುವುದಿಲ್ಲ, ತಾವೇ ಬಾಗಿಲಲ್ಲಿ ಕಾವಲು ನಿಲ್ಲುತ್ತಾರೆ. ಆ ಹಸಿ ನೆಲದ ಮೇಲೆ ತಮ್ಮ ಜವಾನ ಬೂಟು ಹಾಕಿಕೊಂಡೇ ನಡೆದ.

“ಅಯ್ಯ, ಒಲಿ ಮುಂದ ಬೂಟು! ಹೊರಗ ನಡೀರಿ ಮೊದಲ!” ಎಂದು ತಾಯಿ ಕೂಗುತ್ತಿದ್ದಂತೆಯೇ ಅವನು ಬಾಲ ಹಿಡಿದು ಇಲಿಯನ್ನು ಎತ್ತಿ ತೋರಿಸಿದ. ನಾನು ಬಗ್ಗಿ ನೋಡಿದೆ. ನೆಲದ ಮೇಲೆ ಅವನ ಬೂಟಿನ ಗುರುತು ಅಚ್ಚು ಹೊಡೆದಂತೆ ಮೂಡಿತ್ತು. ಇಲಿಯ ಒಂದು ಹೆಜ್ಜೆಯೂ ಇರಲಿಲ್ಲ. “ಇದು ಹೇಗೆ ಬಂತು ಸಾಹೇಬರೇ?” ಎಂದು ಕೇಳಿದೆ. ಇನ್‌ಸ್ಪೆಕ್ಟರ್ ಸಾಹೇಬರು ತಲೆಯೆತ್ತದೆ, “ವರೂನ್ ಪಡಲಾ” ಎಂದರು. ಮೇಲಿನಿಂದ ಬಿತ್ತಂತೆ!

ಆ ಗುರುತುಗಳನ್ನು ತಮಗೆ ತೋರಿಸಬೇಕೆಂದು ತಮ್ಮ ಕಚೇರಿಗೆ ಓಡಿದೆ. ಒಳಗೆ ಬಿಡಲಿಲ್ಲ. ಮರಳಿ ಬರುವಷ್ಟರಲ್ಲಿ ತಾಯಿ ಅಡುಗೆಮನೆಗೆ ಕೊಡಗಟ್ಟಲೆ ನೀರು ಸುರಿದು, ಗೋಮೂತ್ರ ಚಿಮುಕಿಸಿ, ಹೊಸದಾಗಿ ಸಾರಿಸಿ ಮುಗಿಸಿದ್ದರು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. “ಮೈಲಿಗಿ ಆದ ನೆಲಾ ಹಂಗ ಬಿಟ್ಟು ಕೂಡಬೇಕಾಗಿತ್ತೇನೋ?” ಎಂದು ಅವರು ನನಗೇ ಗದರಿದರು. ಹೀಗೆ ನನ್ನ ಸಾಕ್ಷಿಯನ್ನು ನನ್ನ ತಾಯಿಯೇ ಶುದ್ಧಿ ಮಾಡಿಬಿಟ್ಟರು. ಮಡಿಯ ಮನೆಯಲ್ಲಿ ಹೀಗೇ ಆಗುವುದೆಂದು ತಮ್ಮವರಿಗೆ ಮೊದಲೇ ಗೊತ್ತಿತ್ತೇ ಎಂಬುದೂ ನನ್ನ ಒಂದು ಸಂಶಯ.

ಆದರೆ ಒಂದು ಸಾಕ್ಷಿ ಇನ್ನೂ ಉಳಿದಿದೆ. ಆ ಮೂಲೆಯ ಮೇಲೆ ಹೆಂಚಿನ ಮಾಡಿನಲ್ಲಿರುವುದು ಒಂದೇ ಬೆಳಕಿಂಡಿ. ಮೇಲಿನಿಂದ ಇಲಿ ಬೀಳಲು ಬೇರೆ ದಾರಿಯಿಲ್ಲ. ಆ ಬೆಳಕಿಂಡಿಯ ತುಂಬ ಜೇಡರ ಬಲೆಯಿದೆ. ಗಾಯಕ್ಕೆ ಜೇಡನ ಬಿಳಿ ಪೊರೆ ಅಂಟಿಸಿದರೆ ರಕ್ತ ನಿಲ್ಲುತ್ತದೆಂಬುದು ನಮ್ಮ ಧಾರವಾಡದ ಕಡೆಯ ಮನೆಮದ್ದು. ಅದಕ್ಕೇ ತಾಯಿಯ ಕಸಬರಿಗೆ ಅಲ್ಲಿಯವರೆಗೆ ಹೋಗುವುದಿಲ್ಲ. ಜೇಡ ಮರುದಿನವೇ ಹೊಸ ಬಲೆ ನೇಯ್ದಿರಬಹುದೆಂದು ತಾವು ಹೇಳೀರಿ. ಇದು ತಿಂಗಳುಗಟ್ಟಲೆ ಒಲೆಯ ಹೊಗೆ ಕುಡಿದು ಕಪ್ಪಾದ ಬಲೆ, ಎಲ್ಲೂ ಹರಿದಿಲ್ಲ. ಬೆಕ್ಕಿನ ಮರಿಯಷ್ಟು ದಪ್ಪದ ಇಲಿ ಇದರೊಳಗಿಂದ ನುಸುಳಿ ಬಿತ್ತೇ? ಸೋಮವಾರ ಹೆಂಚು ತೆಗೆದರೆ ಈ ಸಾಕ್ಷಿಯೂ ಹೋಗುತ್ತದೆ. ಹೆಂಚು ತೆಗೆಸಲು ಇಷ್ಟು ಅವಸರವೇಕೆಂದು ಈಗ ತಾವೇ ಯೋಚಿಸಿ.

ಪ್ಲೇಗಿಗೆ ನಾವು ಹೆದರದವರಲ್ಲ. ಎರಡು ವರ್ಷದ ಹಿಂದೆ ನಿಜವಾಗಿಯೂ ನಮ್ಮ ಮನೆಯಲ್ಲಿ ಇಲಿ ಸತ್ತು ಬಿದ್ದಿತ್ತು. ಎದುರಾಡದೆ ಗುಡಿಸಲಿಗೆ ನಡೆದೆವು. ಅಲ್ಲಿನ ಒದ್ದೆ ನೆಲದ ಮೇಲೆ ನಮ್ಮ ಚೊಚ್ಚಲ ಮಗು ಹುಟ್ಟಿತು, ಹೆಸರಿಡುವ ಮೊದಲೇ ಹೋಯಿತು. ಯಾರನ್ನೂ ದೂರಲಿಲ್ಲ. ಈಗ ನನ್ನ ಹೆಂಡತಿ ಗೋದಾಗೆ ಮತ್ತೆ ದಿನ ತುಂಬಿವೆ. ಹುಕುಂ ಬಂದಾಗಿನಿಂದ ಅವಳು ಒಂದೇ ಮಾತು ಹೇಳುತ್ತಿದ್ದಾಳೆ: “ನಾ ಅಲ್ಲಿಗೆ ಬರಂಗಿಲ್ರಿ. ಇನ್ನೊಂದ ಕೂಸನ್ನ ಆ ಮಣ್ಣಾಗ ಇಟ್ಟು ಬರೂ ಶಕ್ತಿ ನನಗಿಲ್ಲ.” ನನಗೆ ಭಯವಾಗಿದೆ.

ನನ್ನ ಬೇಡಿಕೆ ಇಷ್ಟೇ. ಸೋಮವಾರದ ಮೊದಲು ತಾವೇ ಬನ್ನಿ, ಬೂಟು ಹೊರಗೆ ಬಿಟ್ಟು ಒಳಗೆ ಬಂದು ತಲೆಯೆತ್ತಿ ನೋಡಿ. ಬಲೆ ಹರಿದಿದ್ದರೆ ನಾನೇ ಗಂಟುಮೂಟೆ ಕಟ್ಟುತ್ತೇನೆ. ಹರಿಯದಿದ್ದರೆ ಹುಕುಂ ರದ್ದಾಗಬೇಕು. ಅದಕ್ಕೂ ಪುರಸೊತ್ತಿಲ್ಲವೆಂದಾದರೆ, ಸೋಮವಾರ ಜವಾನನನ್ನು ಕಳಿಸಬೇಡಿ, ತಾವೇ ಬನ್ನಿ. “ಏಳು ಗೋದಾ, ಹೋಗೋಣ” ಎಂದು ಹೇಳಲು ನನ್ನಿಂದಾಗದು. ತಾವೇ ಹೇಳಬೇಕು.

ಇಂತಿ,
ಸೋಮವಾರದವರೆಗಾದರೂ ಸದಾಶಿವ ಪೇಠೆಯ ನಿವಾಸಿಯಾಗಿರುವ
ಬಿಂದುಮಾಧವ ರೋಣದ